ಹೆಸರು ಹಿಡಿದು ನೆನೆಯುವುದು: ರಾಷ್ಟ್ರೀಯ ದಿನಗಳನ್ನು ನಡೆಸುವವರಿಗೊಂದು ಕೈಪಿಡಿ

ಆಗಸ್ಟ್ 14ರ ರಾತ್ರಿ ಒಂಬತ್ತರ ಮೇಲೆ ನನ್ನ ಫೋನ್ ಬಡಿದುಕೊಂಡರೆ ವಿಷಯ ಏನೆಂದು ಎತ್ತುವ ಮೊದಲೇ ಗೊತ್ತಾಗುತ್ತದೆ. "ನಾಳೆ ಬೆಳಿಗ್ಗೆ ನಮ್ಮ ಬಡಾವಣೆಯಲ್ಲಿ ಧ್ವಜಾರೋಹಣ. ಒಪ್ಪಿಕೊಂಡಿದ್ದ ಅತಿಥಿಗಳು ಕೈಕೊಟ್ಟಿದ್ದಾರೆ. ನೀವು ಬಂದು ನಾಲ್ಕು ಮಾತು ಆಡಿಬಿಡಿ." ಆ ನಾಲ್ಕು ಮಾತು ಯಾವುವೆಂದು ಕರೆದವರಿಗೆ ತಿಳಿದಿರುವುದಿಲ್ಲ. ಬಹಳ ವರ್ಷ ನನಗೂ ತಿಳಿದಿರಲಿಲ್ಲ. ಗಾಂಧೀಜಿ, ನೆಹರೂ, ಸುಭಾಷ್, ಭಗತ್ ಸಿಂಗ್ ಎಂದು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿ, "ಹಾಗೂ ಅಸಂಖ್ಯಾತ ಅನಾಮಧೇಯ ವೀರರು" ಎಂದು ಮುಗಿಸಿ, ಚಪ್ಪಾಳೆ ತೆಗೆದುಕೊಂಡು, ಲಾಡು ತಿಂದು ಮನೆಗೆ ಬರುತ್ತಿದ್ದೆ.

ಅಂಥ ಒಂದು ಭಾಷಣದ ನಂತರ ವಯಸ್ಸಾದ ಹೆಂಗಸೊಬ್ಬರು ಹತ್ತಿರ ಬಂದು, ಕೋಪವೇನೂ ಇಲ್ಲದ ದನಿಯಲ್ಲಿ, "ಅನಾಮಧೇಯರು ಎಂದಿರಲ್ಲ, ನಮ್ಮ ಮಾವನವರಿಗೆ ಹೆಸರಿತ್ತಪ್ಪಾ" ಎಂದರು. ನಲವತ್ತೆರಡರ ಚಳವಳಿಯಲ್ಲಿ ಜೈಲಿಗೆ ಹೋಗಿದ್ದವರ ಸೊಸೆ ಆಕೆ. ನಾನು ನಿಂತು ಮಾತನಾಡಿದ ಜಾಗದಿಂದ ಅವರ ಮನೆ ಎರಡು ಬೀದಿ ಆಚೆಗಿತ್ತು.

ಈ ಕೈಪಿಡಿ ಹುಟ್ಟಿದ್ದು ಆ ಒಂದು ಮಾತಿನಿಂದ. ಶಾಲೆಯ ಮೇಷ್ಟ್ರು, ಯುವಕ ಸಂಘದ ಕಾರ್ಯದರ್ಶಿ, ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದವರು, ಗ್ರಂಥಾಲಯ ನಡೆಸುವವರು, ಕೊನೆಗೆ ಮನೆಯಲ್ಲಿ ಮಕ್ಕಳೊಂದಿಗೆ ಏನಾದರೂ ಮಾಡಬೇಕು ಎಂದುಕೊಳ್ಳುವವರು, ಯಾರು ಬೇಕಾದರೂ ಬಳಸಬಹುದು. ಕೆಲಸವನ್ನು ಹಿಂದಿನ ರಾತ್ರಿ ಒಂಬತ್ತಕ್ಕೆ ಶುರುಮಾಡಬಾರದು ಎಂಬುದೊಂದೇ ಕರಾರು. ಒಂದು ತಿಂಗಳು ಬೇಕು.

ಮೊದಲ ಹೆಜ್ಜೆ: ದಿನ ಗೊತ್ತುಮಾಡಿಕೊಳ್ಳಿ

ದೇಶಕ್ಕೆಲ್ಲ ರಜೆಯಿರುವ ರಾಷ್ಟ್ರೀಯ ಹಬ್ಬಗಳು ಮೂರು: ಜನವರಿ 26, ಆಗಸ್ಟ್ 15, ಅಕ್ಟೋಬರ್ 2. ಕರ್ನಾಟಕದವರಿಗೆ ನವೆಂಬರ್ 1 ಸೇರಿ ನಾಲ್ಕು. ಕ್ಯಾಲೆಂಡರಿನಲ್ಲಿ ಕೆಂಪು ಅಕ್ಷರದಲ್ಲಿರುವ ಈ ದಿನಗಳನ್ನು ಯಾರೂ ಮರೆಯುವುದಿಲ್ಲ. ಕಪ್ಪು ಅಕ್ಷರದಲ್ಲೇ ಉಳಿದ, ಆದರೆ ನಿಮ್ಮ ಸೀಮೆಯಲ್ಲಿ ನಿಜವಾಗಿ ಏನೋ ನಡೆದ ದಿನಗಳನ್ನು ಹುಡುಕಿ.

ಉತ್ತರ ಕನ್ನಡದವರಿಗೆ ಏಪ್ರಿಲ್ 13 ಇದೆ. 1930ರಲ್ಲಿ ಅಂದು ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದರು. ಹಾವೇರಿ ಕಡೆಯವರಿಗೆ ಏಪ್ರಿಲ್ 1. ದಂಡಿಯಾತ್ರೆಯಲ್ಲಿ ಗಾಂಧೀಜಿಯೊಂದಿಗೆ ನಡೆದಿದ್ದ ಮೈಲಾರ ಮಹಾದೇವಪ್ಪ ಮತ್ತು ಅವರ ಇಬ್ಬರು ಸಂಗಾತಿಗಳು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದದ್ದು 1943ರ ಆ ದಿನ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದವರ ಮೇಲೆ ಗೋಲಿಬಾರ್ ಆದದ್ದು 1938ರ ಏಪ್ರಿಲ್ 25ರಂದು. ಅದೇ ತಿಂಗಳು ಮದ್ದೂರಿನ ಪಕ್ಕದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ಕಿತ್ತೂರಿನ ಗೆಲುವು 1824ರ ಅಕ್ಟೋಬರ್ 23ರದು. ಹಲಗಲಿಯ ಬೇಡರ ದಂಗೆ 1857ರ ಕೊನೆಯ ತಿಂಗಳುಗಳದು. ಕೊಡಗಿನವರಿಗೆ ಅಕ್ಟೋಬರ್ 31 ಇದೆ, ಬ್ರಿಟಿಷರ ವಿರುದ್ಧ ದಂಗೆ ಎದ್ದ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದ್ದು 1837ರ ಆ ದಿನ. ಬಳ್ಳಾರಿಯವರಿಗೆ ಅಕ್ಟೋಬರ್ 1. ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಆ ದಿನವಾದರೆ, ಆ ಸಂಭ್ರಮದ ಪೆಂಡಾಲು ಕಾಯುತ್ತಿದ್ದ ರಂಜಾನ್ ಸಾಬ್ ದಾಳಿಗೆ ತುತ್ತಾಗಿ ಪ್ರಾಣ ಕಳೆದುಕೊಂಡ ನೆನಪೂ ಅದಕ್ಕೇ ಅಂಟಿಕೊಂಡಿದೆ.

ಕೆಂಪು ದಿನಗಳು ಕೂಡ ಎಲ್ಲ ಊರಿಗೂ ಒಂದೇ ಅರ್ಥದವಲ್ಲ. ಹೈದರಾಬಾದ್ ಸಂಸ್ಥಾನದಲ್ಲಿದ್ದ ಬೀದರ, ಕಲಬುರಗಿ, ರಾಯಚೂರು ಕಡೆಯವರ ಪಾಲಿಗೆ 1947ರ ಆಗಸ್ಟ್ 15 ಬಂತು, ಸ್ವಾತಂತ್ರ್ಯ ಬರಲಿಲ್ಲ. ಅವರು ಇನ್ನೂ 13 ತಿಂಗಳು ಕಾದು 1948ರ ಸೆಪ್ಟೆಂಬರ್ 17ನ್ನು ಕಂಡರು. ಹಳೆ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ಕಾವೇರಿದ್ದೇ ದೆಹಲಿಯಲ್ಲಿ ತ್ರಿವರ್ಣ ಹಾರಿದ ಮೇಲೆ. ಮೈಸೂರಿನ ರಾಮಸ್ವಾಮಿ ವೃತ್ತವನ್ನು ಬಸ್ಸಿನಲ್ಲಿ ಹಾದುಹೋಗುವವರಲ್ಲಿ ಎಷ್ಟೋ ಮಂದಿಗೆ ರಾಮಸ್ವಾಮಿ ಎಂಬುವನು 1947ರ ಸೆಪ್ಟೆಂಬರಿನಲ್ಲಿ ಗುಂಡೇಟಿಗೆ ಸತ್ತ ವಿದ್ಯಾರ್ಥಿ ಎಂದು ತಿಳಿದಿರುವುದಿಲ್ಲ. ಸ್ವತಂತ್ರ ಭಾರತದ ಮೊದಲ ತಿಂಗಳಲ್ಲೇ ಸತ್ತವನು ಆತ.

ಎಲ್ಲ ದಿನಗಳನ್ನೂ ಆಚರಿಸಲು ಹೊರಟರೆ ಮೂರನೆಯ ತಿಂಗಳಿಗೆ ಉತ್ಸಾಹ ಇಳಿಯುತ್ತದೆ. ವರ್ಷಕ್ಕೆ ಒಂದು ಕೆಂಪು ದಿನ, ಒಂದು ಕಪ್ಪು ದಿನ ಸಾಕು.

ಎರಡನೆಯ ಹೆಜ್ಜೆ: ಹೆಸರು ಹುಡುಕಿ

ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಇಲ್ಲಿದೆ. ಉಳಿದದ್ದೆಲ್ಲ ಶಾಮಿಯಾನ, ಕುರ್ಚಿ, ಮೈಕು.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಒಂದು ಕಲ್ಲಿದೆ. ಕಾಡುಹಂದಿಯೊಂದಿಗೆ ಹೋರಾಡಿ ಅದನ್ನು ಕೊಂದು ತಾನೂ ಸತ್ತ ಬೇಟೆನಾಯಿಗಾಗಿ ನೆಟ್ಟ ಕಲ್ಲು ಅದು. ನಾಯಿಯ ಹೆಸರು ಕಾಳಿ ಎಂದು ಶಾಸನ ಹೇಳುತ್ತದೆ. ಬೆಂಗಳೂರಿನ ಬೇಗೂರಿನಲ್ಲಿ ಸುಮಾರು 890ರ ಶಾಸನವೊಂದು ಬೆಂಗಳೂರಿನ ಕಾಳಗದಲ್ಲಿ ಮಡಿದವನನ್ನು ಹೆಸರಿಸುತ್ತದೆ. ಊರ ದನ ಹೊಡೆದುಕೊಂಡು ಹೋದವರನ್ನು ಅಟ್ಟಿಸಿಕೊಂಡು ಹೋಗಿ ಸತ್ತವರಿಗೆ ನಮ್ಮ ಹಳ್ಳಿಗಳಲ್ಲಿ ನೆಟ್ಟ ವೀರಗಲ್ಲುಗಳಿಗೆ ಲೆಕ್ಕವಿಲ್ಲ. ಬರಹವಿರುವ ವೀರಗಲ್ಲನ್ನು ಓದಿ ನೋಡಿ: ಯಾರು, ಯಾವ ಊರಿನವನು, ಯಾರ ಆಳ್ವಿಕೆಯಲ್ಲಿ, ಏತಕ್ಕಾಗಿ ಸತ್ತ, ಕಲ್ಲು ಹಾಕಿಸಿದವರು ಯಾರು. ಹೊಗಳಿಕೆ ಕಡಿಮೆ, ವಿವರ ಹೆಚ್ಚು. ನಾಯಿಯ ಹೆಸರನ್ನೂ ಸಾವಿರ ವರ್ಷ ಉಳಿಸಿದ ನಾಡಿನಲ್ಲಿ ನಿಂತು, ಎಂಬತ್ತು ವರ್ಷದ ಹಿಂದೆ ಜೈಲಿಗೆ ಹೋದ ನೆರೆಮನೆಯವನನ್ನು ಅನಾಮಧೇಯ ಎನ್ನುವುದಕ್ಕೆ ನನಗೆ ಈಗ ನಾಲಗೆ ಹೊರಳುವುದಿಲ್ಲ.

ಹುಡುಕುವುದು ಎಲ್ಲಿಂದ? ಮೊದಲು ಮನೆಗಳಿಂದ. 1972ರಲ್ಲಿ ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ ಹೋರಾಟಗಾರರಿಗೆ ತಾಮ್ರಪತ್ರ ಕೊಟ್ಟಿದ್ದರು. ಹಲವು ಮನೆಗಳಲ್ಲಿ ಅದು ದೇವರ ಕೋಣೆಯ ಗೋಡೆಯ ಮೇಲೋ ಅಟ್ಟದ ಟ್ರಂಕಿನಲ್ಲೋ ಇರುತ್ತದೆ. "ನಿಮ್ಮ ಮನೆಯಲ್ಲಿ ಯಾರಾದರೂ ಹೋರಾಟಗಾರರಿದ್ದರೇ" ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. "ತಾಮ್ರಪತ್ರ ಇದೆಯೇ, ಯಾರಿಗಾದರೂ ಪಿಂಚಣಿ ಬರುತ್ತಿತ್ತೇ, ಯಾರಾದರೂ ಜೈಲಿಗೆ ಹೋಗಿದ್ದರೆಂದು ಅಜ್ಜಿ ಹೇಳುತ್ತಿದ್ದರೇ" ಎಂದು ಕೇಳಿ. ಪ್ರಶ್ನೆ ಸಣ್ಣದಾದಷ್ಟೂ ಉತ್ತರ ದೊಡ್ಡದು.

ಹೆಂಗಸರ ಬಗ್ಗೆ ಬೇರೆಯಾಗಿಯೇ ಕೇಳಬೇಕು, ಏಕೆಂದರೆ ಪಟ್ಟಿಗಳಲ್ಲಿ ಅವರು ಕಡಿಮೆ. ಕರನಿರಾಕರಣೆಯ ಕಾಲದಲ್ಲಿ ಸಿದ್ದಾಪುರ, ಅಂಕೋಲೆ ತಾಲ್ಲೂಕುಗಳ ಕುಟುಂಬಗಳು ಜಮೀನು, ಪಾತ್ರೆ ಪಗಡ ಎಲ್ಲ ಕಳೆದುಕೊಂಡವು. 1932ರಲ್ಲಿ ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕುಳಿತು ಸತ್ಯಾಗ್ರಹ ಮಾಡಿದರು. ಗಂಡ ಜೈಲಿನಲ್ಲಿದ್ದಾಗ ಗಂಜಿಗೆ ದಾರಿ ಮಾಡಿದವಳು, ಭೂಗತರಾದವರಿಗೆ ಹಿತ್ತಿಲ ಬಾಗಿಲಿನಿಂದ ಬುತ್ತಿ ಕಟ್ಟಿಕೊಟ್ಟವಳು ಯಾವ ದಾಖಲೆಗೂ ಬಂದಿಲ್ಲ. ಮನೆಯವರ ಬಾಯಲ್ಲಿ ಮಾತ್ರ ಉಳಿದಿದ್ದಾಳೆ, ಅದೂ ಇನ್ನು ಹತ್ತು ವರ್ಷ.

ಎರಡನೆಯದು ಜಾಗದ ಹೆಸರುಗಳು. ಮಂಗಳೂರಿನ ಬಾವುಟಗುಡ್ಡವನ್ನೇ ನೋಡಿ. 1837ರಲ್ಲಿ ಅಮರ ಸುಳ್ಯದ ರೈತ ದಂಗೆಯವರು ಬ್ರಿಟಿಷರ ಬಾವುಟ ಇಳಿಸಿ ತಮ್ಮದನ್ನು ಏರಿಸಿದ ನೆನಪು ಆ ಹೆಸರಿನೊಳಗೇ ಕುಳಿತಿದೆ. ನಿಮ್ಮ ಊರಿನ ವೃತ್ತ, ಪಾರ್ಕು, ಓಣಿಗಳಲ್ಲಿರುವ ಹೆಸರುಗಳ ಪಟ್ಟಿ ಮಾಡಿ, ಯಾವುದರ ಕಥೆ ಯಾರಿಗೂ ಗೊತ್ತಿಲ್ಲವೋ ಅಲ್ಲಿಂದ ಶುರುಮಾಡಿ. ಮೂರನೆಯದು ಹಾಡು. ಹಲಗಲಿಯ ಬೇಡರ ಕಥೆ ಉಳಿದದ್ದರಲ್ಲಿ ಲಾವಣಿಯ ಪಾಲು ದೊಡ್ಡದು. ನಾಲ್ಕನೆಯದು ಕಾಗದ: ಜಿಲ್ಲಾ ಗೆಜೆಟಿಯರ್, ಹಳೆಯ ಶಾಲೆಗಳ ದಾಖಲೆ, ರಾಜ್ಯ ಪತ್ರಾಗಾರ ಇಲಾಖೆಯ ಕಡತಗಳು. ಕಾಗದದ ಬಳಿಗೆ ಕೊನೆಯಲ್ಲಿ ಹೋಗಿ. ಹೆಸರು ಕೈಯಲ್ಲಿದ್ದರೆ ಕಡತ ಮಾತನಾಡುತ್ತದೆ, ಇಲ್ಲದಿದ್ದರೆ ಧೂಳು ಕೊಡುತ್ತದೆ.

ಸಿಕ್ಕಿದ್ದನ್ನು ತಾಳೆ ನೋಡುವುದು ಕಡ್ಡಾಯ. ಒಂದು ಸಂಗತಿಗೆ ಎರಡು ಬೇರೆ ಬೇರೆ ಮೂಲ ಇರಲಿ. ವಿದುರಾಶ್ವತ್ಥದಲ್ಲಿ ಸತ್ತವರ ಸಂಖ್ಯೆ ಅಂದಿನ ಸರ್ಕಾರದ ಲೆಕ್ಕದಲ್ಲಿ ಒಂದು, ಜನರ ಲೆಕ್ಕದಲ್ಲಿ ಇನ್ನೊಂದು. ಹೀಗಿದ್ದಾಗ ದೊಡ್ಡ ಸಂಖ್ಯೆಯನ್ನು ಆರಿಸಿಕೊಂಡು ಗುಡುಗಬೇಕಾಗಿಲ್ಲ. "ಲೆಕ್ಕದಲ್ಲಿ ವ್ಯತ್ಯಾಸವಿದೆ" ಎಂದು ಹೇಳಿದರೆ ಸತ್ತವರ ಗೌರವ ಕಡಿಮೆಯಾಗುವುದಿಲ್ಲ. ಸಂಗೊಳ್ಳಿ ರಾಯಣ್ಣ ಹುಟ್ಟಿದ್ದು 1798ರ ಆಗಸ್ಟ್ 15, ನಂದಗಡದಲ್ಲಿ ನೇಣಿಗೇರಿದ್ದು 1831ರ ಜನವರಿ 26 ಎಂಬ ಕಾಕತಾಳೀಯ ನಮ್ಮಲ್ಲಿ ಎಲ್ಲರಿಗೂ ಪ್ರಿಯ. ಹೇಳಿ, ಮಕ್ಕಳು ಬಾಯಿ ತೆರೆದು ಕೇಳುತ್ತಾರೆ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ, ಅವನು ಯಾರ ಪರವಾಗಿ ಯಾವ ಕಾರಣಕ್ಕೆ ಹೋರಾಡಿದ ಎಂಬುದಕ್ಕೂ ಎರಡು ನಿಮಿಷ ಇಡಿ. ದಿನಾಂಕದ ಸೋಜಿಗ ಮನುಷ್ಯನನ್ನು ನುಂಗಿಬಿಡಬಾರದು.

ಕೊನೆಗೆ ಒಬ್ಬೊಬ್ಬರಿಗೂ ವೀರಗಲ್ಲಿನ ಮಾದರಿಯಲ್ಲಿ ಐದು ಸಾಲು ಬರೆಯಿರಿ. ಹೆಸರು, ಊರು, ಮಾಡಿದ್ದು, ತೆತ್ತದ್ದು, ಈ ವಿಷಯ ನಮಗೆ ಹೇಳಿದವರು ಯಾರು. ವಿಶೇಷಣ ಬೇಡ. "ಅಪ್ರತಿಮ ದೇಶಭಕ್ತ" ಎಂಬುದು ಯಾರಿಗೆ ಬೇಕಾದರೂ ಹೊಂದುತ್ತದೆ. "ಆರು ತಿಂಗಳು ಸಜೆ, ಬಿಡುಗಡೆಯಾಗಿ ಬಂದಾಗ ಎತ್ತು ಮಾರಿಹೋಗಿತ್ತು" ಎಂಬುದು ಒಬ್ಬನಿಗೆ ಮಾತ್ರ.

ಮೂರನೆಯ ಹೆಜ್ಜೆ: ಮನೆಯವರನ್ನು ಕೇಳಿ

ನೀವು ನೆನೆಯಲು ಹೊರಟವರ ಮಕ್ಕಳು, ಮೊಮ್ಮಕ್ಕಳು ಊರಿನಲ್ಲಿದ್ದರೆ ಮೊದಲು ಅವರ ಮನೆಗೆ ಹೋಗಿ. ಆಮಂತ್ರಣ ಪತ್ರಿಕೆ ಹಿಡಿದುಕೊಂಡು ಹೋಗಬೇಡಿ, ಬರೆದ ಐದು ಸಾಲು ಹಿಡಿದುಕೊಂಡು ಹೋಗಿ, ಓದಿ ಹೇಳಿ, ತಪ್ಪಿದ್ದರೆ ತಿದ್ದಲು ಬಿಡಿ. ಕೆಲವರು ಬೇಡ ಎನ್ನುತ್ತಾರೆ. ಆಸ್ತಿ ಹೋದ ಕಹಿ, ಜೈಲಿನಿಂದ ಬಂದವರು ಮತ್ತೆ ಮೊದಲಿನಂತಾಗದ ದುಃಖ, ಯಾವುದೋ ಪಕ್ಷದವರು ಹಿಂದೊಮ್ಮೆ ಫೋಟೋಗಾಗಿ ಬಳಸಿಕೊಂಡ ಬೇಸರ, ಏನೋ ಇರುತ್ತದೆ. ಬೇಡ ಎಂದರೆ ಬೇಡ.

ಬರಲು ಒಪ್ಪಿದರೆ ಒಂದು ಕೃಪೆ ಮಾಡಿ: ವೇದಿಕೆಗೆ ಕರೆದು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಛಾಯಾಗ್ರಾಹಕನತ್ತ ತಿರುಗಿಸಿ, ಅರ್ಧ ನಿಮಿಷದಲ್ಲಿ ಕೆಳಗಿಳಿಸಬೇಡಿ. ಅವರಿಗೆ ಮೈಕು ಕೊಡಿ. ಮಾತು ಬಾರದಿದ್ದರೆ ಪಕ್ಕದಲ್ಲಿ ಕುಳಿತು ಒಬ್ಬರು ಪ್ರಶ್ನೆ ಕೇಳಲಿ, ಅವರು ಉತ್ತರಿಸಲಿ. "ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ" ಎಂಬ ಗಾದೆಯನ್ನು ಮಕ್ಕಳಿಂದ ಬೋರ್ಡಿನ ಮೇಲೆ ಬರೆಸಿ, ಅದರ ಕೆಳಗೆ ಅಂಕೋಲೆಯ ಸತ್ಯಾಗ್ರಹಿಯೊಬ್ಬರ ಮೊಮ್ಮಗನನ್ನು ಕೂರಿಸಿದ ಕಾರ್ಯಕ್ರಮವೊಂದನ್ನು ನಾನು ಕಂಡಿದ್ದೇನೆ. ಉಪ್ಪು ಎಂಬ ಮಾತಿಗೆ ಅಂದು ಸಭೆಯಲ್ಲಿ ಯಾರೂ ವ್ಯಾಖ್ಯಾನ ಕೊಡಬೇಕಾಗಲಿಲ್ಲ.

ನಾಲ್ಕನೆಯ ಹೆಜ್ಜೆ: ಧ್ವಜವನ್ನು ಸರಿಯಾಗಿ ಹಾರಿಸಿ

ನಿಯಮಗಳು ಹೆಚ್ಚೇನಿಲ್ಲ, ಆದರೆ ಪ್ರತಿವರ್ಷ ಅವೇ ತಪ್ಪುಗಳು. 2002ರ ಜನವರಿ 26ರಿಂದ ಜಾರಿಯಲ್ಲಿರುವ ಭಾರತದ ಧ್ವಜ ಸಂಹಿತೆ ಮತ್ತು 1971ರ ರಾಷ್ಟ್ರ ಗೌರವಕ್ಕೆ ಅವಮಾನ ತಡೆ ಕಾಯ್ದೆ ಇವೆರಡೂ ಇದಕ್ಕೆ ಆಧಾರ.

ಉದ್ದ ಮತ್ತು ಅಗಲದ ಅನುಪಾತ 3:2. ಕೇಸರಿ ಮೇಲೆ, ಚಕ್ರದಲ್ಲಿ 24 ಅರೆಗಳು. ಕೈಮಗ್ಗದ ಬಟ್ಟೆಯೇ ಆಗಬೇಕು ಎಂಬ ನಿಯಮ 2021ರ ತಿದ್ದುಪಡಿಯಲ್ಲಿ ಸಡಿಲವಾಯಿತು, ಈಗ ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಬಟ್ಟೆಗೂ ಅನುಮತಿ ಇದೆ. ಅನುಮತಿ ಇದೆ ಎಂದಮಾತ್ರಕ್ಕೆ ಅದನ್ನೇ ಕೊಳ್ಳಬೇಕೆಂದಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡದ ಖಾದಿ ಧ್ವಜಗಳು ತಯಾರಾಗುತ್ತವೆ, ಅದಕ್ಕೆ ಬೇಕಾದ ಬಟ್ಟೆ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದದ್ದು. ಒಮ್ಮೆ ಕೊಂಡರೆ ಜೋಪಾನವಾಗಿ ಹಲವು ವರ್ಷ ಬರುತ್ತದೆ. ನೂಲುವವರ, ನೇಯುವವರ ಕೈಗೆ ನಾಲ್ಕು ಕಾಸು ಸೇರುವುದೂ ಕೃತಜ್ಞತೆಯ ಒಂದು ಬಗೆಯೇ.

ಹಗ್ಗದ ಗಂಟನ್ನು ಹಿಂದಿನ ಸಂಜೆಯೇ ಎರಡು ಬಾರಿ ಎಳೆದು ಪರೀಕ್ಷಿಸಿ. ಅತಿಥಿಗಳು ಎಳೆಯುತ್ತಿದ್ದಾರೆ, ಗಂಟು ಬಿಚ್ಚುತ್ತಿಲ್ಲ, ರಾಷ್ಟ್ರಗೀತೆ ಶುರುವಾಗಿಯೇಬಿಟ್ಟಿದೆ, ದೈಹಿಕ ಶಿಕ್ಷಕರು ಕಂಬ ಹತ್ತುತ್ತಿದ್ದಾರೆ: ಇದನ್ನು ನಾನು ಎರಡು ಸಲ ಕಂಡಿದ್ದೇನೆ. ಧ್ವಜದ ಮಡಿಕೆಯೊಳಗೆ ಹೂವಿನ ಪಕಳೆ ಇಡಬಹುದು. ಕಂಬದ ತುದಿಗೆ ಹೂವು, ಹಾರ ಕಟ್ಟುವಂತಿಲ್ಲ. ಏರಿಸುವಾಗ ಚುರುಕಾಗಿ, ಇಳಿಸುವಾಗ ನಿಧಾನವಾಗಿ. ನೆಲಕ್ಕೆ ತಾಗಬಾರದು. ಹರಿದ, ಮಾಸಿದ ಧ್ವಜ ಹಾರಿಸಬಾರದು. ಧ್ವಜದ ಮೇಲೆ ಯಾವ ಬರಹವೂ ಸಲ್ಲದು, ಸಂಘದ ಹೆಸರಂತೂ ಖಂಡಿತ ಬೇಡ. ರಾಷ್ಟ್ರಧ್ವಜದ ಕಂಬಕ್ಕೆ ಬೇರೆ ಧ್ವಜ ಕಟ್ಟುವಂತಿಲ್ಲ, ಅದಕ್ಕಿಂತ ಎತ್ತರದಲ್ಲಿ ಇನ್ನೊಂದನ್ನು ಹಾರಿಸುವಂತಿಲ್ಲ. ನವೆಂಬರಿನಲ್ಲಿ ಹಳದಿ ಕೆಂಪು ಬಾವುಟ ಕಟ್ಟುವ ಉತ್ಸಾಹಿಗಳು ಇದನ್ನು ನೆನಪಿಡಬೇಕು. 2022ರ ತಿದ್ದುಪಡಿಯ ನಂತರ ಮನೆಗಳ ಮೇಲೆ ಹಗಲೂ ರಾತ್ರಿ ಹಾರಿಸಬಹುದು. ಆದರೆ ಮಳೆಗೆ ನೆನೆದು ಮುದುಡಿದ ಧ್ವಜವನ್ನು ಸೆಪ್ಟೆಂಬರ್‌ವರೆಗೂ ಮಹಡಿಯ ಮೇಲೆ ಮರೆತುಬಿಡುವುದಕ್ಕೆ ಅದು ಪರವಾನಗಿಯಲ್ಲ.

ಸ್ವಾತಂತ್ರ್ಯ ದಿನದಂದು ಕೆಂಪುಕೋಟೆಯಲ್ಲಿ ಪ್ರಧಾನಿ ಧ್ವಜವನ್ನು ಕೆಳಗಿನಿಂದ ಮೇಲೇರಿಸುತ್ತಾರೆ. ಗಣರಾಜ್ಯೋತ್ಸವದಂದು ಮೇಲೆಯೇ ಕಟ್ಟಿರುವ ಧ್ವಜವನ್ನು ರಾಷ್ಟ್ರಪತಿ ಬಿಚ್ಚಿ ಅರಳಿಸುತ್ತಾರೆ. ಶಾಲೆಗಳಲ್ಲಿ ಸಾಮಾನ್ಯವಾಗಿ ಎರಡೂ ದಿನ ಮೇಲೆ ಕಟ್ಟಿದ್ದನ್ನೇ ಅರಳಿಸುವುದು ರೂಢಿ. ನಿಮ್ಮಲ್ಲಿ ಹೇಗೇ ಇರಲಿ, ಈ ವ್ಯತ್ಯಾಸ ಏಕೆ ಎಂದು ಮಕ್ಕಳನ್ನು ಕೇಳಿ. ಒಂದು ದಿನ ಹೊಸದಾಗಿ ಏರಿದ ಧ್ವಜ, ಇನ್ನೊಂದು ದಿನ ಈಗಾಗಲೇ ಏರಿರುವ ಧ್ವಜ ಎಂಬುದನ್ನು ಹತ್ತು ವರ್ಷದ ಮಕ್ಕಳು ತಾವಾಗಿಯೇ ಕಂಡುಹಿಡಿಯುತ್ತಾರೆ.

ಐದನೆಯ ಹೆಜ್ಜೆ: ನಲವತ್ತು ನಿಮಿಷಕ್ಕೆ ಮುಗಿಸಿ

ಮಕ್ಕಳು ತಿಂಡಿ ತಿನ್ನದೆ ಬಂದಿರುತ್ತಾರೆ, ಬಿಸಿಲು ಏರುತ್ತಿರುತ್ತದೆ. ಒಂದು ಊರಿನಲ್ಲಿ ಮುಖ್ಯ ಅತಿಥಿ ತ್ಯಾಗದ ಮಹತ್ವದ ಬಗ್ಗೆ ಐವತ್ತು ನಿಮಿಷ ಮಾತನಾಡುವಷ್ಟರಲ್ಲಿ ಮೂವರು ಹುಡುಗಿಯರು ತಲೆಸುತ್ತಿ ಬಿದ್ದಿದ್ದರು. ತ್ಯಾಗ ಯಾರದೆಂದು ಅಂದು ಎಲ್ಲರಿಗೂ ಅರ್ಥವಾಯಿತು.

ರಾಷ್ಟ್ರಗೀತೆಗೆ 52 ಸೆಕೆಂಡು, ನಾಡಗೀತೆಗೆ ಸರ್ಕಾರ ಗೊತ್ತುಮಾಡಿದ ಎರಡೂವರೆ ನಿಮಿಷ. ಎರಡನ್ನೂ ಧ್ವನಿಮುದ್ರಣದಿಂದ ಹಾಕದೆ ಬಾಯಲ್ಲಿ ಹಾಡಿಸಿ, ಶ್ರುತಿ ತಪ್ಪಿದರೂ ಚಿಂತೆಯಿಲ್ಲ. ನಂತರ ಹೆಸರುಗಳ ಓದು. ನೀವು ಬರೆದ ಐದೈದು ಸಾಲನ್ನು ಒಬ್ಬೊಬ್ಬ ವಿದ್ಯಾರ್ಥಿ ಬಂದು ಓದಲಿ, ಪ್ರತಿ ಹೆಸರಿನ ನಂತರ ಒಂದು ಉಸಿರಿನಷ್ಟು ಬಿಡುವಿರಲಿ, ನಡುವೆ ಚಪ್ಪಾಳೆ ಬೇಡ. ಶಿಕಾರಿಪುರ ತಾಲ್ಲೂಕಿನ ಈಸೂರಿನವರ ಬಗ್ಗೆ ಹೇಳುವುದಾದರೆ "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂಬ ಘೋಷಣೆಯನ್ನು ಕೂಗಿಸಿ ಮುಗಿಸುವುದು ಸುಲಭ. ಅದರ ಬದಲು 1943ರ ಮಾರ್ಚ್‌ನಲ್ಲಿ ನೇಣಿಗೇರಿದ ಐವರನ್ನು, ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಎಂದು ಒಬ್ಬೊಬ್ಬರನ್ನಾಗಿ ಕರೆದು ನೋಡಿ. ಸಭೆ ಹೇಗೆ ಸುಮ್ಮನಾಗುತ್ತದೆಂದು ನಿಮಗೇ ತಿಳಿಯುತ್ತದೆ. ಇವು ನಮ್ಮ ನೆರೆಹೊರೆಯ ಹೆಸರುಗಳು. ಸಭೆಯಲ್ಲೇ ಒಬ್ಬ ಹಾಲಪ್ಪ ಕುಳಿತಿರುತ್ತಾನೆ.

ಭಾಷಣ ಒಂದೇ ಇರಲಿ, ಮುನ್ನೂರು ಪದ ಮೀರದಿರಲಿ, ಬರೆದು ತಂದದ್ದಾಗಿರಲಿ. ಅದರಲ್ಲಿ ಒಬ್ಬ ವ್ಯಕ್ತಿ, ಒಂದು ಘಟನೆ, ಇಂದು ನಾವು ಅನುಭವಿಸುತ್ತಿರುವ ಒಂದು ಸೌಕರ್ಯ ಅಥವಾ ಹಕ್ಕು, ಇಷ್ಟಿದ್ದರೆ ಸಾಕು. ಸ್ವಾಗತ, ಪರಿಚಯ, ವಂದನಾರ್ಪಣೆಗಳನ್ನು ಸೇರಿಸಿ ಮೂರು ನಿಮಿಷ. ವೇದಿಕೆಯ ಮೇಲಿರುವವರ ಹೆಸರು ಹೇಳಲು ತೆಗೆದುಕೊಳ್ಳುವ ಸಮಯ ಸತ್ತವರ ಹೆಸರು ಹೇಳುವ ಸಮಯಕ್ಕಿಂತ ಹೆಚ್ಚಾದರೆ ಕಾರ್ಯಕ್ರಮ ಪಟ್ಟಿಯನ್ನು ಹರಿದು ಮತ್ತೆ ಬರೆಯಿರಿ.

ದುಃಖದ ದಿನಗಳಿಗೆ ಬೇರೆ ರೀತಿ

ಜನವರಿ 30ರಂದು "ಹುತಾತ್ಮರ ದಿನದ ಶುಭಾಶಯಗಳು" ಎಂಬ ಸಂದೇಶ ಮೊಬೈಲಿಗೆ ಬರುತ್ತದೆ, ಗುಲಾಬಿ ಹೂವಿನ ಚಿತ್ರದೊಂದಿಗೆ. ಕಳಿಸಿದವರ ಮನಸ್ಸು ಒಳ್ಳೆಯದೇ, ಕೈ ಮಾತ್ರ ಅಭ್ಯಾಸಬಲದಿಂದ ಓಡಿರುತ್ತದೆ. ಗಾಂಧೀಜಿ ಕೊಲೆಯಾದ ದಿನಕ್ಕೆ ಶುಭಾಶಯವಿಲ್ಲ. ಅಂದು ಬೆಳಿಗ್ಗೆ 11 ಗಂಟೆಗೆ ದೇಶಾದ್ಯಂತ ಎರಡು ನಿಮಿಷ ಮೌನ. ಸೈರನ್ ಇರುವ ಊರುಗಳಲ್ಲಿ 10.59ಕ್ಕೆ ಅದು ಮೊಳಗುತ್ತದೆ. ನಿಮ್ಮಲ್ಲಿ ಸೈರನ್ ಇಲ್ಲದಿದ್ದರೆ ಶಾಲೆಯ ಗಂಟೆ ಸಾಕು. ಎರಡು ನಿಮಿಷ ಎಂದರೆ ಪೂರ್ತಿ 120 ಸೆಕೆಂಡು, ಗಡಿಯಾರ ನೋಡಿಕೊಂಡು ನಿಲ್ಲಿ. ನಲವತ್ತನೆಯ ಸೆಕೆಂಡಿಗೆ ಯಾರೋ ಕೆಮ್ಮುತ್ತಾರೆ, ಎಪ್ಪತ್ತನೆಯದಕ್ಕೆ ಮೌನ ನಿಜವಾಗಿ ಶುರುವಾಗುತ್ತದೆ. ಅದಕ್ಕೂ ಮೊದಲೇ "ಧನ್ಯವಾದ, ಕುಳಿತುಕೊಳ್ಳಿ" ಎಂದುಬಿಡುವುದು ನಮ್ಮ ಸಾಮಾನ್ಯ ಆತುರ.

ಕೆಲವು ವಾರ್ಷಿಕ ದಿನಗಳಲ್ಲಿ ಸಂಭ್ರಮವೂ ದುಃಖವೂ ಕೂಡಿಕೊಂಡಿರುತ್ತವೆ, ಹಳೆಯ ಜಗಳವೂ ಸೇರಿರುತ್ತದೆ. ಸೆಪ್ಟೆಂಬರ್ 17 ಅಂಥದು. ನಿಜಾಮನ ಪರ ನಿಂತ ಸಶಸ್ತ್ರ ಪಡೆ ರಜಾಕಾರರ ಕೈಯಲ್ಲಿ ಹಳ್ಳಿಗಳು ನರಳಿದವು, ಬೀದರ ಜಿಲ್ಲೆಯ ಗೋರ್ಟಾದ ಹತ್ಯಾಕಾಂಡದ ನೆನಪು ಇನ್ನೂ ಹಸಿಯಾಗಿದೆ. ಸಂಸ್ಥಾನವನ್ನು ಸೇರಿಸಿಕೊಳ್ಳಲು ನಡೆದ ಭಾರತದ ಸೇನಾ ಕಾರ್ಯಾಚರಣೆಯ ಹೊತ್ತಿನಲ್ಲಿ ಮತ್ತು ನಂತರ ಭುಗಿಲೆದ್ದ ಹಿಂಸೆಯಲ್ಲಿ ಏನೂ ತಪ್ಪು ಮಾಡದ ಮುಸ್ಲಿಂ ಕುಟುಂಬಗಳೂ ಸತ್ತವು. ನಿಮ್ಮ ಸಭೆಯಲ್ಲಿ ಇವೆರಡೂ ಮನೆಗಳ ಮೊಮ್ಮಕ್ಕಳು ಅಕ್ಕಪಕ್ಕದ ಬೆಂಚಿನಲ್ಲಿ ಕುಳಿತಿರಬಹುದು. ನನ್ನ ಸಲಹೆ ಇಷ್ಟು: ಸತ್ತವರ ಹೆಸರು ಹೇಳಿ, ಕೊಂದ ವ್ಯವಸ್ಥೆಯನ್ನು ಹೆಸರಿಸಿ, ಸಮುದಾಯವನ್ನು ಬೆರಳು ಮಾಡಿ ತೋರಿಸಬೇಡಿ. ಭಾಷಣಕಾರರು ಹಾಗೆ ಮಾಡಿಯಾರು ಎಂಬ ಅನುಮಾನವಿದ್ದರೆ ಅವರನ್ನು ಕರೆಯಲೇಬೇಡಿ, ಹೆಸರುಗಳ ಓದಷ್ಟೇ ಸಾಕು.

ಸಂವಿಧಾನದ ದಿನಗಳಿಗೆ

ನವೆಂಬರ್ 26 ಮತ್ತು ಜನವರಿ 26 ಒಂದೇ ಕಥೆಯ ಎರಡು ಕೊನೆಗಳು. ಸಂವಿಧಾನವನ್ನು ಅಂಗೀಕರಿಸಿದ್ದು 1949ರ ನವೆಂಬರ್ 26, ಪೂರ್ಣವಾಗಿ ಜಾರಿಗೆ ಬಂದದ್ದು 1950ರ ಜನವರಿ 26. ನಡುವಿನ ಎರಡು ತಿಂಗಳು ಏಕೆ ಕಾದರು ಎಂಬ ಪ್ರಶ್ನೆಗೆ ಉತ್ತರ 1930ರಲ್ಲಿದೆ. ಲಾಹೋರ್ ಅಧಿವೇಶನದಲ್ಲಿ ಪೂರ್ಣ ಸ್ವರಾಜ್ಯದ ನಿರ್ಣಯವಾದ ಮೇಲೆ ದೇಶ ಮೊದಲ ಸ್ವಾತಂತ್ರ್ಯ ದಿನ ಆಚರಿಸಿದ್ದು ಆ ವರ್ಷದ ಜನವರಿ 26ರಂದು. ಆ ದಿನಾಂಕವನ್ನು ಕೈಬಿಡಲು ಅವರಿಗೆ ಮನಸ್ಸಾಗಲಿಲ್ಲ.

ಈ ದಿನಗಳಿಗೆ ಪ್ರಸ್ತಾವನೆಯನ್ನು ಕನ್ನಡದಲ್ಲಿ ಒಟ್ಟಾಗಿ ಓದಿಸಿ, ಅದು ಎರಡು ನಿಮಿಷದ ಕೆಲಸ. ಬಳಿಕ ಒಂದೊಂದು ಪದವನ್ನು ಒಂದೊಂದು ಗುಂಪಿಗೆ ಹಂಚಿ, ಅದು ತಮ್ಮ ಊರಿನಲ್ಲಿ ಎಲ್ಲಿ ಕಾಣುತ್ತದೆ, ಎಲ್ಲಿ ಕಾಣುವುದಿಲ್ಲ ಎಂದು ಹೇಳಲು ಬಿಡಿ. "ಸಮಾನತೆ" ಸಿಕ್ಕ ಗುಂಪು ಊರ ಹೋಟೆಲಿನ ಲೋಟದ ಬಗ್ಗೆ ಮಾತೆತ್ತಿದರೆ ಬಾಯಿ ಮುಚ್ಚಿಸಬೇಡಿ. ಅಂಬೇಡ್ಕರರ ಜೊತೆಗೆ, ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಮಂಗಳೂರಿನ ಬೆನಗಲ್ ನರಸಿಂಗ ರಾವ್, ಸದಸ್ಯರಾಗಿದ್ದ ನಿಜಲಿಂಗಪ್ಪ, ಕೆಂಗಲ್ ಹನುಮಂತಯ್ಯ, ಕೊಡಗಿನ ಸಿ.ಎಂ. ಪೂಣಚ್ಚ ಇವರನ್ನೂ ಪರಿಚಯಿಸಿ.

ಮನೆಯಲ್ಲೇ ಆಚರಿಸುವವರಿಗೆ

ಸಭೆ, ಮೈಕು ಯಾವುದೂ ಒಲ್ಲದವರು ಇರುತ್ತಾರೆ. ರಜೆಯ ದಿನ ಮಧ್ಯಾಹ್ನ ಮನೆಯ ಹಿರಿಯರೊಬ್ಬರನ್ನು ಕೂರಿಸಿ, ಮೊಬೈಲಿನ ಧ್ವನಿಮುದ್ರಣ ಒತ್ತಿ, ಇಷ್ಟೇ ಕೇಳಿ: "ನೀವು ಮೊದಲು ಓಟು ಹಾಕಿದ್ದು ಯಾವಾಗ? ನಮ್ಮೂರಿಗೆ ಶಾಲೆ ಬಂದದ್ದು ಹೇಗೆ? ನಿಮ್ಮಪ್ಪ ಪರಂಗಿಯವರ ಬಗ್ಗೆ ಏನು ಹೇಳುತ್ತಿದ್ದರು?" ಉತ್ತರ ದಾರಿ ತಪ್ಪಿ ಬರಗಾಲಕ್ಕೋ ಪಡಿತರಕ್ಕೋ ಹೋದರೆ ಹೋಗಲಿ, ಅದೂ ಬೇಕಾದದ್ದೇ. ಮುದ್ರಿಸಿದ್ದಕ್ಕೆ ದಿನಾಂಕ ಹಾಕಿ, ಎರಡು ಕಡೆ ಉಳಿಸಿಡಿ.

ಅಥವಾ ಹತ್ತಿರದ ಜಾಗಕ್ಕೆ ಹೋಗಿಬನ್ನಿ. ನಂದಗಡ, ಬೈಲಹೊಂಗಲದ ಚೆನ್ನಮ್ಮನ ಸಮಾಧಿ, ಶಿವಪುರದ ಸೌಧ, ವಿದುರಾಶ್ವತ್ಥ ಎಲ್ಲವೂ ಬಸ್ಸು ಹೋಗುವ ಊರುಗಳೇ. ಉತ್ಸವದ ದಿನ ಬಿಟ್ಟು ಒಂದು ದಿನ ಮೊದಲೋ ನಂತರವೋ ಹೋದರೆ ಕಲ್ಲಿನ ಮೇಲಿನ ಬರಹ ಓದಲು ಜಾಗ ಸಿಗುತ್ತದೆ.

ಕೊನೆಯ ಹೆಜ್ಜೆ: ಮರುದಿನದ ಕೆಲಸ

ಆಗಸ್ಟ್ 16ರ ಬೆಳಿಗ್ಗೆ ಒಂದು ಗಂಟೆ ಮೀಸಲಿಡಿ. ಹತ್ತು ಮಕ್ಕಳನ್ನೂ ಒಂದು ಸ್ವಚ್ಛವಾದ ಚೀಲವನ್ನೂ ಕರೆದುಕೊಂಡು ಹೊರಟು, ರಸ್ತೆಯ ಬದಿ, ಚರಂಡಿಯ ಅಂಚು, ಶಾಲೆಯ ಅಂಗಳದಲ್ಲಿ ಬಿದ್ದಿರುವ ಕಾಗದದ ಧ್ವಜಗಳನ್ನು ಆರಿಸಿ. ಅವನ್ನು ಕಸದ ಗಾಡಿಗೆ ಹಾಕುವಂತಿಲ್ಲ. ಹರಿದ ಬಟ್ಟೆಯ ಧ್ವಜವನ್ನೂ ಇವನ್ನೂ ಜನರ ಕಣ್ಣಿಗೆ ಬೀಳದ ಕಡೆ, ಮರ್ಯಾದೆಯಿಂದ, ಪೂರ್ತಿಯಾಗಿ ಸುಡುವುದು ರೀತಿ. ಪ್ಲಾಸ್ಟಿಕ್ ಧ್ವಜ ಸಿಕ್ಕರೆ ಅದನ್ನು ಸುಡಲೂ ಆಗದು, ಮಣ್ಣಿಗೆ ಹಾಕಲೂ ಆಗದು. ಮುಂದಿನ ವರ್ಷ ಯಾರೂ ಅದನ್ನು ತರದಂತೆ ನೋಡಿಕೊಳ್ಳಲು ಮಕ್ಕಳಿಗೆ ಅಷ್ಟೇ ಸಾಕಾದ ಪಾಠ.

ಉಳಿದ ಅರ್ಧ ಗಂಟೆಯಲ್ಲಿ ಒಂದು ಗಟ್ಟಿ ರಟ್ಟಿನ ನೋಟುಪುಸ್ತಕ ತೆಗೆದುಕೊಳ್ಳಿ. ಈ ವರ್ಷ ಯಾರನ್ನು ನೆನೆದೆವು, ಅವರ ಐದು ಸಾಲುಗಳೇನು, ಮನೆಯವರು ಯಾರು ಬಂದಿದ್ದರು, ಯಾವ ಸಂಗತಿ ಇನ್ನೂ ತಾಳೆಯಾಗಿಲ್ಲ, ಸಭೆ ಮುಗಿದ ಮೇಲೆ ಯಾರು ಹತ್ತಿರ ಬಂದು ಇನ್ನೊಂದು ಹೆಸರು ಹೇಳಿದರು, ಎಲ್ಲವನ್ನೂ ಬರೆದು ಶಾಲೆಯ ಅಥವಾ ಗ್ರಂಥಾಲಯದ ಬೀರುವಿನಲ್ಲಿಡಿ. ಹೀಗೆ ಹತ್ತಿರ ಬಂದು ಹೆಸರು ಹೇಳುವವರು ಪ್ರತಿ ವರ್ಷವೂ ಇರುತ್ತಾರೆ. ನಮ್ಮ ನೋಟುಪುಸ್ತಕದ ಮೊದಲ ಪುಟದಲ್ಲಿರುವುದು ಆ ಹೆಂಗಸಿನ ಮಾವನವರ ಹೆಸರು. ಅದರ ಐದನೆಯ ಸಾಲಿನಲ್ಲಿ, ಹೇಳಿದವರು ಎಂಬಲ್ಲಿ, ಆಕೆಯದೇ ಹೆಸರಿದೆ.